ಹರ್ಬಿ ಹ್ಯಾನ್‌ಕಾಕ್ 1973ರಲ್ಲಿ ಕೆಟ್ಟೋದ್ನಾ? ಮನೇಲಿ ಜಗಳ, ಯಾರಾದ್ರೂ ತೀರ್ಪು ಹೇಳಿ

ಹಳೇಪಿಯಾನೋ
ನಮಸ್ಕಾರ. ಇಲ್ಲಿ ಮೆಣಸಿನ ರೇಟು, ಆನೆ, ಕರೆಂಟು ಬಿಟ್ರೆ ಬೇರೆ ಮಾತಿಲ್ಲ ಅಂತ ಗೊತ್ತು. ಆದ್ರೂ ಹಾಕ್ತಿದೀನಿ, ಯಾಕಂದ್ರೆ ನಮ್ಮನೇಲಿ ಎರಡು ವಾರದಿಂದ ಊಟದ ಹೊತ್ತಿಗೆ ಮಾತೇ ನಿಂತೋಗಿದೆ.

ನಮ್ಮ ಚಿಕ್ಕಪ್ಪಂಗೆ 74. ಬೆಂಗಳೂರಲ್ಲಿ ಓದ್ತಿದ್ದಾಗ ಜಾಝ್ ಹುಚ್ಚು ಹಿಡಿಸ್ಕೊಂಡು ಬಂದವ್ರು. ತೋಟದ ಮನೇಲಿ ದೊರೆಗಳ ಕಾಲದ ಒಂದು ಅಪ್‌ರೈಟ್ ಪಿಯಾನೋ ಉಂಟು, ಜೂನ್ ಬಂತಂದ್ರೆ ಅದರ ಅರ್ಧ ಕೀ ಒತ್ತಿದ್ರೆ ಕೆಳಗೇ ಕೂತ್ಬಿಡ್ತವೆ, ಬೆರಳಲ್ಲಿ ಎತ್ತಿ ಮೇಲೆ ತರ್ಬೇಕು, ಆದ್ರೂ ದಿನಾ ಸಂಜೆ ಅದ್ರ ಮುಂದೆ ಕೂರ್ತಾರೆ. ಅವರ ದೇವ್ರು ಅಮೆರಿಕದ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್. ಆದ್ರೆ 1968ರ ತನಕದ ಹರ್ಬಿ ಮಾತ್ರ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಗುಂಪಿಂದ ಹೊರಗೆ ಬಂದ ಮೇಲೆ ಅವ ಕರೆಂಟಿನ ಪೆಟ್ಟಿಗೆಗಳ ಹಿಂದೆ ಬಿದ್ದ, 1973ರಲ್ಲಿ 'ಹೆಡ್ ಹಂಟರ್ಸ್' ಆಲ್ಬಂ ಮಾಡಿ ದುಡ್ಡಿಗೆ ಮಾರ್ಕೊಂಡ, ಅಲ್ಲಿಗೆ ಕಥೆ ಮುಗೀತು ಅಂತಾರೆ.

ಮಗಳಿಗೆ 16. ಅವಳು ಬಂದಿದ್ದು ಹಿಂದಿನ ಬಾಗಿಲಿಂದ. ಮೊದಲು ಕೇಳಿದ್ದೇ 1983ರ 'ರಾಕಿಟ್', ಆಮೇಲೆ ಅದೇ ಹೆಡ್ ಹಂಟರ್ಸ್‌ನ 'ಕಮೀಲಿಯನ್'. ಆ ಬೇಸ್ ಸಾಲನ್ನ ಸಣ್ಣ ಕೀಬೋರ್ಡಲ್ಲಿ ಬೆಳಗ್ಗೆಯಿಂದ ರಾತ್ರಿ ತನಕ ಬಾರಿಸ್ತಾಳೆ. ಮೊನ್ನೆ ಚಿಕ್ಕಪ್ಪ ಬಾಗಿಲಲ್ಲಿ ನಿಂತು "ಇದು ಪಿಯಾನೋ ಅಲ್ಲ ಮಗಾ, ಪಲ್ಪರ್ ಮಿಷನ್ನು" ಅಂದ್ರು, ಕಾಫಿ ಹಣ್ಣಿನ ಸಿಪ್ಪೆ ಸುಲಿಯೋದು. ಇವಳು "ನಿಮ್ಮ ಪಿಯಾನೋಗಿಂತ ಪಲ್ಪರ್ರೇ ವಾಸಿ ಸಣ್ಣಜ್ಜ, ಅದರಲ್ಲಿ ಎಲ್ಲಾ ಹಲ್ಲೂ ಕೆಲಸ ಮಾಡ್ತವೆ" ಅಂದ್ಲು. ಮುಗೀತು.

ಗೊತ್ತಿರೋರು ಹೇಳಿ. ಈ ಮನುಷ್ಯ ನಿಜಕ್ಕೂ ಕೆಟ್ಟೋದ್ನಾ? ನಂಗೆ ಸಂಗೀತ ತಲೆಗೆ ಹತ್ತಲ್ಲ.

ಸುಂಟಿಕೊಪ್ಪದವ
ಮಗಳು ಗೆದ್ಲು. ಥ್ರೆಡ್ ಕ್ಲೋಸ್ ಮಾಡಿ 😄

ಗೋಣಿಕೊಪ್ಪದಕ್ಕ
ಹಿರಿಯರಿಗೆ ಹಾಗೆ ಎದುರು ಮಾತಾಡೋದು ಸರಿಯಾ? ಆದ್ರೂ ನಗು ಬಂತು ಅನ್ನೋದು ನಿಜ.

ಮಧ್ಯರಾತ್ರಿ_ರೇಡಿಯೋ
ಅಬ್ಬ ಕೊನೆಗೂ ಇಲ್ಲಿ ಒಂದು ಮಾತಾಡೋ ವಿಷಯ ಬಂತು. ನಿಮ್ಮ ಚಿಕ್ಕಪ್ಪನ ಕಾಲಿಗೆ ಒಂದು ನಮಸ್ಕಾರ ಹಾಕಿಯೇ ಶುರು ಮಾಡ್ತೀನಿ, ಯಾಕಂದ್ರೆ 68ರ ತನಕದ ಹರ್ಬಿ ಅಂದ್ರೆ ಸುಮ್ನೆ ಅಲ್ಲ. ಹುಟ್ಟಿದ್ದು ಶಿಕಾಗೋದಲ್ಲಿ, 1940. ಮನೆಗೆ ಪಿಯಾನೋ ಬಂದಾಗ 7 ವರ್ಷ, 11ನೇ ವಯಸ್ಸಿಗೆ ಶಿಕಾಗೋ ಸಿಂಫನಿ ಜೊತೆ ಕೂತು ಮೊಜಾರ್ಟ್ ಕನ್ಸರ್ಟೋದ ಒಂದು ಭಾಗ ನುಡಿಸಿದ್ದಾನೆ. 1962ರಲ್ಲಿ ಮೊದಲ ಆಲ್ಬಂ 'ಟೇಕಿನ್ ಆಫ್', 63ರಲ್ಲಿ ಮೈಲ್ಸ್ ಕರೆದ. ಆ ಕರೆದದ್ದೂ ಒಂದು ಕಥೆ, ಹರ್ಬಿ ಸೇರಿ ಮೂರು ಜನ ಹುಡುಗ್ರನ್ನ, ಡ್ರಮ್ಮಿನ ಟೋನಿ ವಿಲಿಯಮ್ಸ್‌ಗೆ ಆಗ ಬರೀ 17, ತನ್ನ ಮನೆ ಕೆಳಗಿನ ಕೋಣೇಲಿ ನುಡಿಸೋಕೆ ಬಿಟ್ಟು ಮೈಲ್ಸ್ ಸ್ವಲ್ಪ ಹೊತ್ತಿಗೆ ಎದ್ದೋದ, ಇವರೇ ಮೂರು ದಿನ ನುಡಿಸಿದ್ರು, ಆಮೇಲೆ ಗೊತ್ತಾಗಿದ್ದು ಅವ ಮಹಡಿ ಮೇಲೆ ಇಂಟರ್‌ಕಾಮಲ್ಲಿ ಅಷ್ಟೂ ಕೇಳ್ತಾ ಮಲಗಿದ್ದ ಅಂತ. ನಮ್ಮಲ್ಲಿ ಹೊಸ ರೈಟರ್‌ನ ಲೆಕ್ಕದ ಪುಸ್ತಕದ ಮುಂದೆ ಕೂರಿಸಿ ದೊಡ್ಡವ್ರು ಕಿಟಕಿ ಹಿಂದೆ ನಿಂತು ನೋಡ್ತಾರಲ್ಲ, ಹಾಗೆ.

65ರ 'ಮೇಡನ್ ವಾಯೇಜ್' ಕೇಳಿ ಮಳೆ ಬರ್ತಿರೋವಾಗ. ಅಷ್ಟೇ ಹೇಳ್ತೀನಿ.

ಆದ್ರೆ 1973ರಲ್ಲಿ ಮಾರ್ಕೊಂಡ ಅನ್ನೋದು ಶುದ್ಧ ತಪ್ಪು. ಕೆಲಸ ಮುಗಿಸಿ ಬಂದು ಬರೀತೀನಿ.

ನಿವೃತ್ತ_ಮೇಷ್ಟ್ರು
ತಪ್ಪೇನಿಲ್ಲ. ಚಿಕ್ಕಪ್ಪ ಹೇಳಿದ್ದೇ ಸರಿ. ಹತ್ತು ಕಡೆ ಹಳ್ಳ ತೋಡಿದ್ರೆ ಎಲ್ಲೂ ನೀರು ಬರಲ್ಲ. ಜಾಝ್ ಮಾಡ್ದ, ಫಂಕ್ ಮಾಡ್ದ, ಡಿಸ್ಕೋ ಮಾಡ್ದ, ಸಿನಿಮಾಕ್ಕೆ ಹೊಡ್ದ, ಯಾವುದೋ ಸಿನಿಮಾ 'ಬ್ಲೋ ಅಪ್'ಗೆ ಆಸ್ಕರ್ ಬೇರೆ ತಗೊಂಡ. ಬಹುಮುಖ ಪ್ರತಿಭೆ ಅಂತಾರೆ, ನನ್ನ ಕೇಳಿದ್ರೆ ಬಹುಮುಖ ಅಂದ್ರೆ ಯಾವ ಮುಖವೂ ಗಟ್ಟಿ ಇಲ್ಲ ಅಂತ.

ಕುಶಾಲನಗರ_ಸೌಂಡ್ಸ್
ಮೇಷ್ಟ್ರೇ ಆಸ್ಕರ್ ಸಿಕ್ಕಿದ್ದು ಬ್ಲೋ ಅಪ್‌ಗೆ ಅಲ್ಲ. ಅದು 1966ರದ್ದು, ಆಂಟೋನಿಯೋನಿ ಚಿತ್ರ, ಹರ್ಬಿಯ ಮೊದಲ ಸಿನಿಮಾ ಕೆಲಸ. ಆಸ್ಕರ್ ಬಂದಿದ್ದು 20 ವರ್ಷ ಆದ್ಮೇಲೆ, 1986ರ 'ರೌಂಡ್ ಮಿಡ್‌ನೈಟ್'ಗೆ. ಅದು ಪಕ್ಕಾ ಜಾಝ್ ಸಿನಿಮಾ. ಅಂದ್ರೆ 73ರಲ್ಲಿ "ಕೆಟ್ಟೋದವನು" 86ರಲ್ಲಿ ಜಾಝ್‌ಗೇ ಆಸ್ಕರ್ ತಗೊಂಡ. ಹಳ್ಳದಲ್ಲಿ ನೀರು ಬಂತಲ್ಲ ಮೇಷ್ಟ್ರೇ.

ನಿವೃತ್ತ_ಮೇಷ್ಟ್ರು
ಸಿನಿಮಾ ಹೆಸ್ರು ತಪ್ಪಾಯ್ತು, ಒಪ್ಕೋತೀನಿ. ವಾದ ತಪ್ಪಾಗಲಿಲ್ಲ.

ಮೆಣಸುಬಳ್ಳಿ
ಮೇಷ್ಟ್ರ ತೋಟದಲ್ಲಿ ಬರೀ ಕಾಫಿ ಮಾತ್ರ ಇರೋದಾ ಹಾಗಾದ್ರೆ? ನೆರಳಿಗೆ ಸಿಲ್ವರ್ ಓಕು, ಅದಕ್ಕೆ ಮೆಣಸು ಬಳ್ಳಿ, ಮೂಲೆಗೆ ಕಿತ್ತಳೆ, ಕೆಳಗೆ ಗದ್ದೆ ಅಂಚಲ್ಲಿ ಅಡಿಕೆ ಏನೂ ಇಲ್ವಾ? ಕಾಫಿ ರೇಟು ನೆಲ ಹಿಡಿದ ವರ್ಷಗಳಲ್ಲಿ ನಮ್ಮನ್ನ ಉಳಿಸಿದ್ದು ಯಾವ್ದು ಅಂತ ನೆನಪಿಲ್ವಾ 😄

ನಿವೃತ್ತ_ಮೇಷ್ಟ್ರು
ಸಂಗೀತಕ್ಕೂ ತೋಟಕ್ಕೂ ಏನ್ರೀ ಸಂಬಂಧ.

ಸುಂಟಿಕೊಪ್ಪದವ
ಮೆಣಸು ಈಗ ಎಷ್ಟಿದೆ ಅಂದಾಗೆ?

ಹಳೇಪಿಯಾನೋ
ಶುರುವಾಯ್ತು 🙏 ದಯವಿಟ್ಟು ಮೆಣಸು ಬೇರೆ ಥ್ರೆಡ್ಡಲ್ಲಿ.

ಕುಶಾಲನಗರ_ಸೌಂಡ್ಸ್
"ಕರೆಂಟಿನ ಪೆಟ್ಟಿಗೆ" ಬಗ್ಗೆ ಮಾತ್ರ ನಾನು ಸುಮ್ನೆ ಇರಲ್ಲ, ನಮ್ಮ ಹೊಟ್ಟೆಪಾಡೇ ಅದು. ಒಂದು, ಆ ಹುಡುಗ ಚಿಕ್ಕವನಿದ್ದಾಗಲೇ ಗಡಿಯಾರ ಬಿಚ್ಚಿ ನೋಡ್ತಿದ್ದವ, ಗ್ರಿನ್ನೆಲ್ ಕಾಲೇಜಿಗೆ ಸೇರಿದ್ದೇ ಎಂಜಿನಿಯರಿಂಗ್ ಓದೋಕೆ, ಅರ್ಧದಲ್ಲಿ ಮ್ಯೂಸಿಕ್‌ಗೆ ಬದಲಾಯಿಸ್ಕೊಂಡ. ಅಂದ್ರೆ ತಂತಿ ಸ್ವಿಚ್ಚು ಎಲ್ಲಾ ರಕ್ತದಲ್ಲೇ ಇತ್ತು, 73ರಲ್ಲಿ ಯಾರೋ ಬಂದು ಕೆಡಿಸಿದ್ದಲ್ಲ.

ಎರಡು, ಅವನ ಕೈಗೆ ಮೊದಲು ಕರೆಂಟಿನ ಪಿಯಾನೋ ಕೊಟ್ಟಿದ್ದು ಯಾರು ಗೊತ್ತಾ? ಚಿಕ್ಕಪ್ಪನ ಅದೇ ಮೈಲ್ಸ್. ಸ್ಟುಡಿಯೋಗೆ ಹೋದ್ರೆ ಪಿಯಾನೋನೇ ಇಲ್ಲ, ಮೂಲೇಲಿ ಫೆಂಡರ್ ರೋಡ್ಸ್ ಇಟ್ಟಿದ್ರಂತೆ. ಇದೇನು ಆಟದ ಸಾಮಾನಾ ಅಂದ್ಕೊಂಡೇ ಕೂತನಂತೆ, ಒಂದು ಕಾರ್ಡ್, ಅಂದ್ರೆ ಒಟ್ಟಿಗೆ ಒತ್ತೋ ಸ್ವರಗಳ ಗುಂಪು, ಒತ್ತಿದ್ದೇ ತಡ ಮನಸ್ಸು ತಿರುಗ್ತು.

ಮೂರು, ಕಮೀಲಿಯನ್ ಬೇಸ್. ಅದು ಬೇಸ್ ಗಿಟಾರ್ ಅಲ್ಲ, ಆರ್ಪ್ ಒಡಿಸ್ಸಿ ಅನ್ನೋ ಸಿಂಥಸೈಜರಲ್ಲಿ ಹರ್ಬಿ ಕೈಯಲ್ಲೇ ಬಾರಿಸಿದ್ದು. 15 ನಿಮಿಷ ಮೇಲಿದೆ ಆ ಟ್ರ್ಯಾಕು. ಮಿಷನ್ನು ತಾನಾಗೇ ಓಡಿದ್ದಲ್ಲ ಸ್ವಾಮಿ, ಬೆರಳು ಓಡಿದ್ದು. ನಿಮ್ಮ ಮಗಳು ದಿನವಿಡೀ ಅದನ್ನೇ ಬಾರಿಸ್ತಾಳೆ ಅಂದ್ರೆ ಅವಳ ಟೈಮಿಂಗ್ ಗಟ್ಟಿ ಆಗ್ತಿದೆ ಅಂತ ಲೆಕ್ಕ.

ದುಡಿ_ಪಾಟ್
ಹೆಡ್ ಹಂಟರ್ಸ್‌ನಲ್ಲಿ 'ವಾಟರ್‌ಮೆಲನ್ ಮ್ಯಾನ್' ಮತ್ತೆ ಮಾಡಿದಾನಲ್ಲ, ಅದರ ಶುರು ಕೇಳಿದೀರಾ? ಬಿಲ್ ಸಮ್ಮರ್ಸ್ ಅಂತ ತಾಳವಾದ್ಯದವ ಬಿಯರ್ ಬಾಟ್ಲಿ ಊದಿದ್ದಾನೆ. ತಮಾಷೆಗಲ್ಲ, ಮಧ್ಯ ಆಫ್ರಿಕಾದ ಕಾಡಿನ ಜನರ ಒಂದು ಪದ್ಧತಿ, ಒಂದೇ ಸ್ವರ ಬರೋ ಕೊಳವೆ ಊದೋದು, ಮಧ್ಯ ಮಧ್ಯ ಬಾಯಲ್ಲೇ ಕೂಗಿ ಉಳಿದ ಸ್ವರ ತುಂಬಿಸೋದು. ನಾನು ಮೊದಲ ಸಲ ಕೇಳಿದ್ದು ಪುತ್ತರಿ ಮುಗಿಸಿ ಬಂದ ರಾತ್ರಿ, ಕಿವೀಲಿ ಇನ್ನೂ ದುಡಿ, ಕೊಂಬು ಹಾಗೇ ಇತ್ತು. ಹೆಡ್‌ಫೋನಲ್ಲಿ ಆ ಬಾಟ್ಲಿ ಶುರುವಾದಾಗ ಇದು ನಮ್ಮ ಐನ್‌ಮನೆ ಅಂಗಳದಲ್ಲೇ ಯಾರೋ ಊದ್ತಿದಾರೆ ಅನ್ನಿಸ್ತು. ಅದಾಗಿ ಸ್ವಲ್ಪ ಹೊತ್ತಿಗೆ ಆ ಬೇಸ್ ಬಂದು ಕೂರ್ತದೆ ನೋಡಿ... ಇದನ್ನ ದುಡ್ಡಿಗೆ ಮಾಡಿದ್ದು ಅಂದ್ರೆ ನಂಗೆ ಬೇಜಾರಾಗ್ತದೆ.

ಗೋಣಿಕೊಪ್ಪದಕ್ಕ
ವಾಟರ್‌ಮೆಲನ್ ಮ್ಯಾನ್ ಅವನ ಹಾಡಲ್ಲ, ಮೊಂಗೋ ಸಾಂತಾಮಾರಿಯಾ ಅನ್ನೋರದ್ದು. ನಮ್ಮ ಯಜಮಾನ್ರ ಹಳೇ ಕ್ಯಾಸೆಟ್ಟಲ್ಲಿ ಹಾಗೇ ಬರ್ದಿತ್ತು.

ಮಧ್ಯರಾತ್ರಿ_ರೇಡಿಯೋ
ಅಕ್ಕಾ, ಬರೆದದ್ದು ಹರ್ಬಿನೇ, 1962ರ ಆ ಮೊದಲ ಆಲ್ಬಂನಲ್ಲೇ ಉಂಟು. ಮೊಂಗೋ 63ರಲ್ಲಿ ಅದನ್ನ ಮತ್ತೆ ಮಾಡಿ ದೊಡ್ಡ ಹಿಟ್ ಆಯ್ತು, ಅದಕ್ಕೆ ಕ್ಯಾಸೆಟ್ಟಿನವ್ರು ಅವನ ಹೆಸ್ರು ಹಾಕಿರ್ತಾರೆ. ಶಿಕಾಗೋದ ಓಣಿಗಳಲ್ಲಿ ಕಲ್ಲಂಗಡಿ ಮಾರೋನ ಗಾಡಿ ಬರ್ತಿತ್ತಂತೆ, ಕಲ್ಲು ಹಾಸಿದ ದಾರೀಲಿ ಚಕ್ರದ ಸದ್ದು, ಕಿಟಕಿಯಿಂದ ಹೆಂಗಸರು ಅವನನ್ನ ಕೂಗೋ ಧಾಟಿ, ಅದನ್ನೇ ಟ್ಯೂನ್ ಮಾಡಿದ್ದು.

ಇದರಲ್ಲಿ ದುಡ್ಡಿನ ವಿಷಯವೂ ಉಂಟು, "ಮಾರ್ಕೊಂಡ" ಅನ್ನೋರಿಗೆ ಬೇಕಾಗುತ್ತೆ. ಡೊನಾಲ್ಡ್ ಬರ್ಡ್ ಅಂತ ಟ್ರಂಪೆಟ್ ವಾದಕ ಈ ಹುಡುಗನ್ನ ನ್ಯೂಯಾರ್ಕಿಗೆ ಕರ್ಕೊಂಡು ಬಂದವ. ಹಾಡಿನ ಹಕ್ಕು ಯಾವ ಕಾರಣಕ್ಕೂ ಕಂಪನಿಗೆ ಬರ್ಕೊಡ್ಬೇಡ ಅಂತ ತಲೇಲಿ ತುಂಬಿಸಿದ್ದ. ಹರ್ಬಿ ಕೊಡ್ಲಿಲ್ಲ. ಮೊಂಗೋ ಹಿಟ್ ಆದ ಮೇಲೆ ರಾಯಲ್ಟಿ ಬಂತು, ಅದರಲ್ಲಿ 1963ರ ಶೆಲ್ಬಿ ಕೋಬ್ರಾ ಕಾರು ತಗೊಂಡ, 6,000 ಡಾಲರ್ ಚಿಲ್ರೆ. ಅಂದ್ರೆ "ಶುದ್ಧ ಜಾಝ್" ಕಾಲದಲ್ಲೇ ಅವ ದುಡ್ಡು ನೋಡಿದ್ದ.

ಆಮೇಲೆ ಆ ದುಡ್ಡು ಎಲ್ಲಿ ಹೋಯ್ತು? 68ರ ನಂತರ ಸ್ವಂತ ಗುಂಪು ಕಟ್ಟಿದ, ಎಂವಾಂಡಿಷಿ ಅಂತ, ಸ್ವಾಹಿಲಿಯಲ್ಲಿ ಬರೆಯೋನು, ರಚನಕಾರ ಅನ್ನೋ ಅರ್ಥ, ಅದನ್ನ ತನ್ನ ಹೆಸರಾಗೂ ಇಟ್ಕೊಂಡಿದ್ದ. ಆ ಸಂಗೀತ ಯಾರಿಗೂ ಸುಲಭಕ್ಕೆ ಅರ್ಥ ಆಗ್ತಿರ್ಲಿಲ್ಲ, ಒಂದೊಂದು ತುಣುಕು 20 ನಿಮಿಷ, ಆಕಾಶದಲ್ಲಿ ತೇಲ್ದಂಗೆ. ಗುಂಪು ನಡೆಸೋಕೆ ಕೈಯಿಂದ ಹಾಕ್ತಾ ಹೋದ. 73ರ ಹೊತ್ತಿಗೆ ಜೇಬು ಖಾಲಿ. ಅದೂ ಅಲ್ದೆ ಫಂಕ್ ಹಾಡುಗಾರ ಸ್ಲೈ ಸ್ಟೋನ್ ಹಾಡುಗಳನ್ನ ಕೇಳಿ ಕೇಳಿ ಕಾಲು ನೆಲಕ್ಕೆ ತಾಗೋ ಸಂಗೀತ ಬೇಕು ಅನ್ನಿಸಿತ್ತು. ಗುಂಪು ಮುಚ್ಚಿ, ಸ್ಯಾಕ್ಸೋಫೋನಿನ ಬೆನ್ನಿ ಮಾಪಿನ್ ಒಬ್ಬನ್ನ ಮಾತ್ರ ಉಳಿಸ್ಕೊಂಡು ಹೆಡ್ ಹಂಟರ್ಸ್ ಮಾಡಿದ. ಅದು ಹತ್ತು ಲಕ್ಷ ಪ್ರತಿ ದಾಟಿ ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು.

ನಿವೃತ್ತ_ಮೇಷ್ಟ್ರು
ಜೇಬು ಖಾಲಿ ಆಗಿದ್ದಕ್ಕೆ ಮಾಡಿದ ಅಂತ ನೀವೇ ಹೇಳಿದ್ರಿ. ನಾನೂ ಅದನ್ನೇ ಹೇಳಿದ್ದು.

ಮಧ್ಯರಾತ್ರಿ_ರೇಡಿಯೋ
ಮೇಷ್ಟ್ರೇ ಜೇಬು ಖಾಲಿ ಆದವ್ರೆಲ್ಲಾ ಕಮೀಲಿಯನ್ ಮಾಡಿದ್ರೆ ಇವತ್ತು ಕೊಡಗಲ್ಲಿ ಅರ್ಧ ಜನ ಹರ್ಬಿಗಳು ಇರ್ತಿದ್ರು.

ಮೆಣಸುಬಳ್ಳಿ
😂😂 ಸಾಲ ಮನ್ನಾ ಆಲ್ಬಂ

ಬೆಂಗಳೂರಲ್ಲಿರೋ_ಕೊಡಗಿನವ
ಲೇಟಾಗಿ ಬಂದೆ. ಚಿಕ್ಕಪ್ಪಂಗೆ ಒಂದೇ ಮಾತು ಹೇಳಿ. ಹೆಡ್ ಹಂಟರ್ಸ್ ಆಗಿ ಮೂರು ನಾಲ್ಕು ವರ್ಷಕ್ಕೇ, ಮೈಲ್ಸ್ ಕಾಲದ ಗೆಳೆಯರನ್ನೇ ಸೇರಿಸ್ಕೊಂಡು ವಿ.ಎಸ್.ಒ.ಪಿ. ಅಂತ ಗುಂಪು, ಕರೆಂಟಿಲ್ಲದ ಪಿಯಾನೋ. 78ರಲ್ಲಿ ಚಿಕ್ ಕೊರಿಯಾ ಜೊತೆ ಎದುರು ಬದುರು ಎರಡು ಗ್ರಾಂಡ್ ಪಿಯಾನೋ ಇಟ್ಕೊಂಡು ಊರೂರು ಸುತ್ತಿದಾನೆ. ಈ ಚಿಕ್ ಕೊರಿಯಾ ಯಾರು ಗೊತ್ತಲ್ಲ, 68ರಲ್ಲಿ ಹರ್ಬಿ ಮದುವೆ ಆಗಿ ಬ್ರೆಜಿಲ್‌ಗೆ ಹನಿಮೂನ್ ಹೋಗಿ, ಅಲ್ಲಿ ಏನೋ ತಿಂದು ಹೊಟ್ಟೆ ಕೆಟ್ಟು, ವಾಪಸ್ ಬರೋದು ತಡ ಆದಾಗ ಮೈಲ್ಸ್ ಅವನ ಜಾಗಕ್ಕೆ ಕೂರಿಸಿದ್ದು ಇದೇ ಮನುಷ್ಯನ್ನ. ತನ್ನ ಕೆಲಸ ತಗೊಂಡವನ ಜೊತೆ ಕೂತು ನುಡಿಸಿದ್ದು. ನಮ್ಮಲ್ಲಾದ್ರೆ ಮೂರು ತಲೆಮಾರು ಮಾತು ಬಿಡ್ತಿದ್ರು.

ಅದಾಗಿ 1998ರಲ್ಲಿ ಗರ್ಶ್ವಿನ್ ಬಗ್ಗೆ ಒಂದು ಆಲ್ಬಂ, ಅದರಲ್ಲಿ ರಾವೆಲ್ ಕನ್ಸರ್ಟೋದ ನಿಧಾನ ಭಾಗ ನುಡಿಸಿದಾನೆ. 2007ರಲ್ಲಿ ಜೋನಿ ಮಿಚೆಲ್ ಹಾಡುಗಳ ಮೇಲೆ 'ರಿವರ್', ಅದಕ್ಕೆ 2008ರಲ್ಲಿ ಗ್ರ್ಯಾಮಿಯ ವರ್ಷದ ಆಲ್ಬಂ ಬಂತು, ಆ ವರ್ಷ ಎದುರಿಗೆ ಇದ್ದಿದ್ದು ಏಮಿ ವೈನ್‌ಹೌಸ್, ಕಾನ್ಯೆ ವೆಸ್ಟ್. ಜಾಝ್ ಆಲ್ಬಂಗೆ ಅದು ಸಿಕ್ಕಿ 40 ವರ್ಷ ಮೇಲಾಗಿತ್ತು. ಕೆಟ್ಟೋದವರ ಲಕ್ಷಣವಾ ಇದು?

ಗೋಣಿಕೊಪ್ಪದಕ್ಕ
ಹನಿಮೂನಿಗೆ ಹೋಗಿದ್ದಕ್ಕೆ ಕೆಲಸದಿಂದ ತೆಗೆದ್ರಾ! ಆ ಮೈಲ್ಸ್ ಮೇಲೆ ನಂಗೆ ಸಿಟ್ಟು ಬಂತು.

ದುಡಿ_ಪಾಟ್
ಅಕ್ಕ, ಅದೇ ಮೈಲ್ಸ್‌ದು ಇನ್ನೊಂದು ಉಂಟು ಕೇಳಿ ಸಿಟ್ಟು ಇಳೀತದೆ. ಜರ್ಮನಿಯ ಸ್ಟುಟ್‌ಗಾರ್ಟಲ್ಲಿ ಕಚೇರಿ, ಮೈಲ್ಸ್ ಸೋಲೋ ಏರ್ತಾ ಇದೆ, ಆ ಹೊತ್ತಿಗೆ ಹರ್ಬಿ ಪೂರ್ತಿ ತಪ್ಪು ಕಾರ್ಡ್ ಒತ್ತಿಬಿಟ್ಟ. ಕೈ ತೆಗೆದು ಮುಖ ಮುಚ್ಕೊಳ್ಳೋ ಹಾಗಾಯ್ತಂತೆ. ಮೈಲ್ಸ್ ಒಂದು ಉಸಿರು ನಿಲ್ಲಿಸಿ, ಆ ತಪ್ಪು ಕಾರ್ಡ್ ಸರಿಯಾಗೋ ಹಂಗೆ ನಾಲ್ಕು ಸ್ವರ ಊದಿದ. ಅವ ಅದನ್ನ ತಪ್ಪು ಅಂತ ಕೇಳಿಸ್ಕೊಳ್ಳಲೇ ಇಲ್ಲ, ಆಗಿದ್ದೊಂದು ಸಂಗತಿ ಅಂತ ತಗೊಂಡ ಅಂತ ಹರ್ಬಿ ಹೋದಲ್ಲೆಲ್ಲಾ ಹೇಳ್ಕೋತಾನೆ.

ಕುಶಾಲನಗರ_ಸೌಂಡ್ಸ್
ಬೆಣ್ಣೆ ಸ್ವರದ ಕಥೆ ಯಾರೂ ಹೇಳ್ಲಿಲ್ವಾ? ಮೈಲ್ಸ್ ಗಂಟ್ಲು ಗೊರಗೊರ, ಮಾತು ಸರಿ ಕೇಳಲ್ಲ. ಒಂದ್ಸಲ ಹರ್ಬಿ ಕಿವೀಲಿ "ಬಟರ್ ನೋಟ್ಸ್ ನುಡಿಸ್ಬೇಡ" ಅಂದಂಗಾಯ್ತು. ಬೆಣ್ಣೆ ಅಂದ್ರೆ ಏನಿರಬಹುದು, ಕೊಬ್ಬು, ಅಂದ್ರೆ ಎಲ್ರಿಗೂ ಗೊತ್ತಿರೋ ಸಲೀಸು ಸ್ವರ ಅಂತ ಅರ್ಥ ಮಾಡ್ಕೊಂಡು ಕಾರ್ಡಿನ ಮೂರನೇದು ಏಳನೇದು ಬಿಟ್ಟು ನುಡಿಸೋಕೆ ಶುರು ಮಾಡಿದ, ಅಲ್ಲಿಂದ ಅವನ ಶೈಲಿನೇ ಬೇರೆ ಆಯ್ತು. ಮೈಲ್ಸ್ ಹೇಳಿದ್ದು "ಬಾಟಮ್" ಇರ್ಬೋದು, ಕೆಳಗಿನ ಸ್ವರ ಬೇಡ ಅಂತ 😄 ತಪ್ಪು ಕೇಳಿಸ್ಕೊಂಡು ದೊಡ್ಡವನಾದ.

ಸುಂಟಿಕೊಪ್ಪದವ
ನಾನೂ ಹೆಂಡ್ತಿ ಹೇಳಿದ್ದು ತಪ್ಪೇ ಕೇಳಿಸ್ಕೋತೀನಿ. ಶೈಲಿ ಮಾತ್ರ ಬದಲಾಗಿಲ್ಲ.

ಮೆಣಸುಬಳ್ಳಿ
ನಮ್ಮ ದೇಶದಲ್ಲಿ ಈ ತರಹದವ್ರು ಯಾರೂ ಇಲ್ವಾ? ಎಲ್ಲಾ ಅಮೆರಿಕದ್ದೇ ಆಯ್ತಲ್ಲ.

ಬೆಂಗಳೂರಲ್ಲಿರೋ_ಕೊಡಗಿನವ
ಲೂಯಿ ಬ್ಯಾಂಕ್ಸ್. ನಮ್ಮ ತರಹವೇ ಗುಡ್ಡದ ಊರಿನವ್ರು, ಡಾರ್ಜಿಲಿಂಗಲ್ಲಿ 1941ರಲ್ಲಿ ಹುಟ್ಟಿದ್ದು. ಕಲ್ಕತ್ತಾದ ಪಾರ್ಕ್ ಸ್ಟ್ರೀಟ್ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಬೊಂಬಾಯಿಗೆ ಬಂದು, ಸಿನಿಮಾ, ಜಾಹೀರಾತು ಜಿಂಗಲ್ ಎಲ್ಲಾ ಮಾಡಿದಾರೆ. 1988ರಲ್ಲಿ ದೂರದರ್ಶನದಲ್ಲಿ 'ಮಿಲೇ ಸುರ್ ಮೇರಾ ತುಮ್ಹಾರಾ' ಬರ್ತಿತ್ತಲ್ಲ, ಭೀಮಸೇನ ಜೋಶಿಯವ್ರು ಶುರು ಮಾಡೋದು, ಅದರ ವಾದ್ಯ ಸಂಯೋಜನೆ ಇವರದ್ದೇ. ಗೊತ್ತಿಲ್ದೇನೇ ನಾವೆಲ್ಲಾ ಒಬ್ಬ ಜಾಝ್ ಪಿಯಾನಿಸ್ಟಿನ ಕೆಲಸ ಕೇಳ್ಕೊಂಡೇ ಬೆಳೆದಿರೋದು.

ಗೋಣಿಕೊಪ್ಪದಕ್ಕ
ಅಯ್ಯೋ ಅದು ಬಂದ್ರೆ ನಮ್ಮತ್ತೆ ಅಡುಗೆ ಬಿಟ್ಟು ಬರ್ತಿದ್ರು. ಗುಡ್ಡದ ಮೇಲೆ ಆಂಟೆನಾ ತಿರುಗ್ಸೋಕೆ ಒಬ್ಬ, ಕೆಳಗಿಂದ "ಬಂತು ಬಂತು, ಹೋಯ್ತು" ಅಂತ ಕೂಗೋಕೆ ಒಬ್ಬ.

ಮಧ್ಯರಾತ್ರಿ_ರೇಡಿಯೋ
ಹಳೇಪಿಯಾನೋ ಅವ್ರೇ, ಜಗಳ ನಿಲ್ಲಿಸೋಕೆ ನನ್ನ ಹತ್ರ ಒಂದು ಅಸ್ತ್ರ ಇದೆ. ಚಿಕ್ಕಪ್ಪಂಗೆ ಚಿತ್ರಾ ಹಾಡು ಇಷ್ಟವಾ? ನಮ್ಮ ಕೆ.ಎಸ್. ಚಿತ್ರಾ. ಹರ್ಬಿಯ 2010ರ 'ದಿ ಇಮ್ಯಾಜಿನ್ ಪ್ರಾಜೆಕ್ಟ್' ಆಲ್ಬಂನಲ್ಲಿ 'ದಿ ಸಾಂಗ್ ಗೋಸ್ ಆನ್' ಅಂತಿದೆ, ಅದರಲ್ಲಿ ಚಿತ್ರಾ, ಚಾಕಾ ಖಾನ್, ಸಿತಾರಿಗೆ ಅನೌಷ್ಕಾ ಶಂಕರ್, ಸ್ಯಾಕ್ಸೋಫೋನಿಗೆ ವೇಯ್ನ್ ಶಾರ್ಟರ್. ಶಾರ್ಟರ್ ಯಾರಂತ ಚಿಕ್ಕಪ್ಪಂಗೆ ಹೇಳೋದು ಬೇಡ, ಮೈಲ್ಸ್ ಗುಂಪಿನವನೇ. ಹೆಸ್ರು ಹೇಳ್ದೆ ಹಾಕಿ ನೋಡಿ.

ನಿವೃತ್ತ_ಮೇಷ್ಟ್ರು
ಚಿತ್ರಾ ಹಾಡಿದಾರಾ? ಲಿಂಕ್ ಹಾಕಿ.

ಸುಂಟಿಕೊಪ್ಪದವ
ಮೇಷ್ಟ್ರು ಔಟ್ 😄

ಹಳೇಪಿಯಾನೋ
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಪ್ರಯೋಗ ಆಯ್ತು, ಇದ್ದಿದ್ದು ಇದ್ದಂಗೆ ಹೇಳ್ತೀನಿ.

ಚಿತ್ರಾ ಹಾಡು ಹಾಕ್ದೆ. ಚಿಕ್ಕಪ್ಪ ಕಾಫಿ ಲೋಟ ಹಿಡ್ಕೊಂಡು ಕೂತಿದ್ರು. ಚಿತ್ರಾ ಧ್ವನಿ ಬಂದ ತಕ್ಷಣ ತಲೆ ಎತ್ತಿದ್ರು, ಸ್ಯಾಕ್ಸೋಫೋನ್ ಬಂದಾಗ "ಇದು ವೇಯ್ನ್ ಅಲ್ವಾ" ಅಂದ್ಬಿಟ್ರು, ನಾನು ಬಾಯಿ ಬಿಡೋಕೆ ಮೊದಲೇ. ಪಿಯಾನೋ ಯಾರು ಅಂತ ಕೇಳ್ಲೇ ಇಲ್ಲ, ಗೊತ್ತಾಗಿದೆ. ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ಲು. ಅಷ್ಟರಲ್ಲಿ ಕರೆಂಟು ಹೋಯ್ತು.

ಹೋದ ಮೇಲೆ ಹತ್ತು ನಿಮಿಷ ಯಾರೂ ಮಾತಾಡ್ಲಿಲ್ಲ, ಬರೀ ಹೆಂಚಿನ ಮೇಲೆ ಮಳೆ. ಆಮೇಲೆ ಕತ್ತಲಲ್ಲಿ ಪಿಯಾನೋ ಮುಚ್ಚಳ ತೆಗೆಯೋ ಸದ್ದು. ಚಿಕ್ಕಪ್ಪ ಎಡಗೈಲಿ ಆ ಕಮೀಲಿಯನ್ ಸಾಲು ಶುರು ಮಾಡಿದ್ರು. ಎರಡು ವಾರ ಬೇಡ ಬೇಡ ಅಂದ್ರೂ ಕಿವಿಗೆ ಬಿದ್ದಿತ್ತಲ್ಲ. ನಾಲ್ಕನೇ ಸ್ವರದ ಕೀ ಕೆಳಗೇ ಕೂತ್ಬಿಡ್ತು. ಮಗಳು ಹೋಗಿ ಪಕ್ಕದಲ್ಲಿ ಕೂತು, ಪ್ರತಿ ಸಲ ಆ ಕೀಯನ್ನ ಬೆರಳಲ್ಲಿ ಎತ್ತಿ ಎತ್ತಿ ಕೊಟ್ಲು.

ಹಾಗಂತ ರಾಜಿ ಆಯ್ತು ಅನ್ಕೋಬೇಡಿ. ಇವತ್ತು ಬೆಳಗ್ಗೆ ಅಕ್ಕಿ ರೊಟ್ಟಿ ತಿಂತಾ "ಬೇಸು ಪರ್ವಾಗಿಲ್ಲ, ಆದ್ರೆ 83ರದ್ದು ಆ ಕರ ಕರ ಗೀಚೋದು ಸಂಗೀತ ಅಲ್ಲ" ಅಂದ್ರು. ಅವಳು ಪ್ಲೇಟು ತಗೊಂಡು ಎದ್ದೋದ್ಲು. ಈಗ ಜಗಳ 1973ರಿಂದ 1983ಕ್ಕೆ ಹೋಗಿದೆ.

ಕುಶಾಲನಗರ_ಸೌಂಡ್ಸ್
ಹತ್ತು ವರ್ಷ ಮುಂದೆ ಬಂದ್ರಲ್ಲ ಸಾಕು ಬಿಡಿ. ಆ ಗೀಚೋದು ಗ್ರ್ಯಾಂಡ್‌ಮಿಕ್ಸರ್ ಡಿ.ಎಸ್‌ಟಿ. ಅನ್ನೋ ಡಿಜೆ ರೆಕಾರ್ಡ್ ತಟ್ಟೆ ಹಿಂದೆ ಮುಂದೆ ತಿರುಗಿಸಿ ಮಾಡಿದ್ದು, ಅದನ್ನ ಅಷ್ಟು ಜನಕ್ಕೆ ಮುಟ್ಟಿಸಿದ್ದೇ ರಾಕಿಟ್. 84ರಲ್ಲಿ ಎಂಟಿವಿ ಮೊದಲ ಸಲ ವಿಡಿಯೋ ಪ್ರಶಸ್ತಿ ಕೊಟ್ಟಾಗ ಅದಕ್ಕೆ ಐದು ಬಂತು.

ಇರ್ಲಿ, ಪಿಯಾನೋ ವಿಷಯ. ಕೆಳಗಿನ ಹಲಗೆ ತೆಗೆದು ಒಳಗೆ ಒಂದು ಸಣ್ಣ ಬಲ್ಬ್ ಹಾಕಿಡಿ, 25 ವ್ಯಾಟ್ ಸಾಕು, ಬಟ್ಟೆ ಮರ ಯಾವುದಕ್ಕೂ ತಾಗಬಾರದು. ಮರ, ಒಳಗಿನ ಫೆಲ್ಟು ತೇವ ಹೀರಿ ಊದ್ಕೊಳ್ಳೋದ್ರಿಂದ್ಲೇ ಕೀ ಸಿಕ್ಕಾಕ್ಕೊಳ್ಳೋದು. ತಂತಿ ಸುಮಾರು 230 ಇರುತ್ತೆ, ತುಕ್ಕು ಹಿಡಿದ್ರೆ ಆಮೇಲೆ ಕಷ್ಟ.

ಹಳೇಪಿಯಾನೋ
ಹೋದ ವರ್ಷ ಟ್ಯೂನ್ ಮಾಡೋಕೆ ಬಂದವ ಹಲಗೆ ತೆಗೆದಾಗ ಒಳಗೆ ಇಲಿ ಗೂಡು. ಫೆಲ್ಟೆಲ್ಲಾ ಹರಿದು ಮೆತ್ತೆ ಮಾಡ್ಕೊಂಡು, ಪಕ್ಕದಲ್ಲಿ ಒಂದು ಬೊಗಸೆ ಕಾಫಿ ಬೀಜ ಬೇರೆ ಕೂಡಿಟ್ಟಿತ್ತು. ಅವ ದುಡ್ಡು ತಗೊಂಡು ಎರಡು ಗಂಟೇಲಿ ಹೋದ, ಕೀ ಮಾತ್ರ ಹಾಗೇ ಇದೆ.

ಮೆಣಸುಬಳ್ಳಿ
ರೊಬಸ್ಟಾನಾ ಅರೇಬಿಕಾನಾ?

ಹಳೇಪಿಯಾನೋ
ಅರೇಬಿಕಾ ಪಾರ್ಚ್‌ಮೆಂಟು. ಇಲಿಗೂ ರೇಟು ಗೊತ್ತು.

ನಿವೃತ್ತ_ಮೇಷ್ಟ್ರು
ಚಿತ್ರಾ ಹಾಡು ಕೇಳಿದೆ. ಮೂರು ಸಲ. ವಾದ ಬಿಟ್ಟಿಲ್ಲ.

ದುಡಿ_ಪಾಟ್
ಹಳೇಪಿಯಾನೋ, ಪಿರಿಯಾಪಟ್ಟಣ ಕಡೆ ಹಾರ್ಮೋನಿಯಂ ರಿಪೇರಿ ಮಾಡೋರೊಬ್ರು ಇದಾರೆ, ಪಿಯಾನೋನೂ ಬಿಚ್ತಾರೆ, ಕೈ ಶುದ್ಧ. ಇನ್‌ಬಾಕ್ಸಿಗೆ ಬನ್ನಿ. ಮಳೆ ನಿಲ್ಲೋ ತನಕ ಮಾತ್ರ ಕರೆಸ್ಬೇಡಿ, ಈಗ ಸರಿ ಮಾಡಿದ್ರೆ ನವೆಂಬರಲ್ಲಿ ಮರ ಒಣಗಿ ಮತ್ತೆ ಸಡಿಲ ಆಗ್ತದೆ.

ಗೋಣಿಕೊಪ್ಪದಕ್ಕ
ಮಳೆ ಅಂದ್ಮೇಲೆ, ನಿಮ್ಮ ಕಡೆ ನಿನ್ನೆ ಎಷ್ಟು ಇಂಚು? ನಮ್ಮಲ್ಲಿ ಎರಡೂವರೆ.

ಸುಂಟಿಕೊಪ್ಪದವ
ಮೂರು ಕಾಲು. ಕರೆಂಟು ಇನ್ನೂ ಬಂದಿಲ್ಲ.